ಡೆಸ್‌ನ ಮರದ ಬಣ್ಣ

ಜನವರಿ 14, ಮಂಗಳವಾರ
ಪಾತ್ರೆ ಒಲೆಯ ಮೇಲೆ. ನೀಲಗಿರಿ ಎಲೆ ಕುದಿಯುತ್ತಿದೆ, ಮನೆಯೆಲ್ಲ ಕೆಮ್ಮಿನ ಔಷಧಿಯ ವಾಸನೆ. ಕೋರಲ್ ಕೊಟ್ಟ ಎಲೆ. ತೀರಿಕೊಂಡ ಅವಳ ಗಂಡ ಡೆಸ್‌ನ ಬೂದಿ ಹಾಕಿದ್ದು ಈ ಎಲೆಯ ಮರದ ಬುಡಕ್ಕೇ. ಆಮೇಲೆ ಜಮೀನು ಮಾರಿದಳು, ಕೊಂಡವರು ಮರ ಕಡಿಸಿದರು. ಉಳಿದದ್ದು ಈ ಒಂದು ಚೀಲ ಎಲೆ.

"ಉಣ್ಣೆಗೆ ಕಿತ್ತಳೆ ಬಣ್ಣ ಬರ್ಬೇಕು ಕಣೆ ಗ್ಲೆನಿಸ್. ಸಂಜೆ ಆ ಮರದ ಮೇಲೆ ಬಿಸಿಲು ಬೀಳ್ತಿತ್ತಲ್ಲ, ಹಾಗೆ," ಅಂದಿದ್ದಳು.

ಬರುತ್ತದೆ. ನಲವತ್ತು ವರ್ಷ ಉಣ್ಣೆಗೆ ಬಣ್ಣ ಹಾಕಿದ ಕೈ ಇದು.

ಅದೇ ದಿನ, ಸಂಜೆ 4
ಬರಲಿಲ್ಲ. ಬೂದು... ಪಾತ್ರೆ ಒರೆಸುವ ಬಟ್ಟೆಯ ಬೂದು. ನಿನ್ನೆ ಇದೇ ಪಾತ್ರೆಯಲ್ಲಿ, ಬೇರೆ ಉಣ್ಣೆಯ ಬಣ್ಣ ಕಪ್ಪಾಗಿಸಲು, ಕಬ್ಬಿಣದ ತುಕ್ಕಿನ ನೀರು ಕಾಯಿಸಿದ್ದೆ. ತೊಳೆಯಲಿಲ್ಲ. ಒಂದು ಚೂರು ತುಕ್ಕು ಸೇರಿದರೂ ಕಿತ್ತಳೆ ಹಾಳು — ನೂಲುವವರ ಸಂಘದಲ್ಲಿ ಹೊಸಬರಿಗೆಲ್ಲ ಬೆರಳಾಡಿಸಿ ಹೇಳುವವಳು ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಎಲೆ ಒಂದೂ ಉಳಿದಿಲ್ಲ.

ಜನವರಿ 15
ಹೊಬಾರ್ಟ್ ಪೇಟೆಗೆ ಹೋಗಿ ಪುಡಿ ಬಣ್ಣ ತಂದೆ. ಪ್ಯಾಕೆಟ್ಟಿನದು. ಹೊಸ ಉಣ್ಣೆ, ಆರು ಲಡಿ. ಅರ್ಧ ಗಂಟೆಗೆ ಕಿತ್ತಳೆ. ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ವಾಸನೆ ಇರಲಿಲ್ಲ. ಕೊನೆಯ ನೀರಿಗೆ ನೀಲಗಿರಿ ಎಣ್ಣೆ ನಾಲ್ಕು ತೊಟ್ಟು ಬಿಟ್ಟೆ... ಅದೂ ಹೊಳೆಯಿತು ನನಗೆ.

ಸಂಘದ ನಿಯಮ, ಪ್ರತಿ ಲಡಿಗೂ ಚೀಟಿ ಬೇಕು — ಯಾವ ಎಲೆ, ಎಲ್ಲಿಯದು. ಬರೆದೆ: ಡೆಸ್‌ನ ಮರ. ಆರು ಸಲ ಬರೆದೆ.

ಜನವರಿ 16, ಗುರುವಾರ
ಸಂಘದಲ್ಲಿ ಎಲ್ಲರೆದುರು ಕೊಟ್ಟೆ. ಕೋರಲ್ ಲಡಿಯನ್ನು ಮುಖಕ್ಕೆ ಒತ್ತಿಕೊಂಡಳು.

"ಅವನ ಕೋಟಿನ ವಾಸ್ನೆ ಕಣೆ," ಅಂದಳು. ಅತ್ತಳು.

ಚಪ್ಪಾಳೆ ತಟ್ಟಿದರು. ನಾನು ಕೇಕ್ ತಿಂದೆ. ಎರಡು ತುಂಡು. ನಾಚಿಕೆಗೆಟ್ಟವಳು.

ಮಾರ್ಚ್ 13, ಗುರುವಾರ
ಎರಡು ತಿಂಗಳು ಇಲ್ಲಿ ಏನೂ ಬರೆದಿಲ್ಲ. ಬರೆದರೆ ಇದನ್ನೇ ಬರೆಯಬೇಕಿತ್ತು.

ಕೋರಲ್ ಇವತ್ತು ಸಂಘಕ್ಕೆ ಆ ಕಿತ್ತಳೆ ಉಣ್ಣೆಯ ಸ್ವೆಟರ್ ಹಾಕಿಕೊಂಡು ಬಂದಳು. ಹೆಣೆದು ಮುಗಿಸಿದ್ದಾಳೆ. ಸೋಮವಾರ ಅವಳಿಗೆ ಹೃದಯದ ಆಪರೇಷನ್.

"ಎದೆ ಸೀಳ್ತಾರಂತೆ. ಒಳಗೆ ಏನೂ ಸಿಗಲ್ಲ, ಸುಮ್ನೆ ಶ್ರಮ ಅಂದೆ ಡಾಕ್ಟರಿಗೆ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಏಳ್ದೆ ಹೋದ್ರೆ ಇದನ್ನೇ ಹಾಕಿ ಕಳ್ಸು ಮಾರಾಯ್ತಿ. ಡೆಸ್‌ಗೆ ನನ್ನ ಗುರ್ತು ಸಿಗ್ಬೇಕಲ್ಲ."

ಎಲ್ಲರೂ ನಕ್ಕರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಮಾರ್ಚ್ 15, ಶನಿವಾರ
ಕೋರಲ್‌ಳನ್ನು ಚಹಾಕ್ಕೆ ಕರೆದು ಹೇಳಿಬಿಟ್ಟೆ. ತುಕ್ಕು, ಪ್ಯಾಕೆಟ್ಟು, ಎಣ್ಣೆ, ಚೀಟಿ... ಎಲ್ಲ. ಮುಖ ನೋಡಿ ಹೇಳಲಾಗಲಿಲ್ಲ, ಸಕ್ಕರೆ ಡಬ್ಬಿಗೆ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅವನ ಎಲೆ ಹಾಕಿದ ಉಣ್ಣೆ ಎಲ್ಲಿ?" ಅಂದಳು.

ಇದನ್ನು ಕೇಳುತ್ತಾಳೆಂದು ಎಣಿಸಿರಲಿಲ್ಲ. ಕಿಟಕಿಯತ್ತ ಕೈ ತೋರಿಸಿದೆ. ಹಿತ್ತಿಲಲ್ಲಿ ಟೊಮೇಟೊ ಗಿಡಗಳು. ಜನವರಿಯಲ್ಲಿ ಗಿಡಗಳನ್ನು ಕೋಲಿಗೆ ಕಟ್ಟಲು ದಾರ ಬೇಕಿತ್ತು. ಹಾಳಾದ ಉಣ್ಣೆ ಅಂತ ತುಂಡು ಮಾಡಿ ಅದನ್ನೇ ಕಟ್ಟಿದ್ದೆ.

ಅವಳು ಎದ್ದು ಹೋಗಿ ಒಂದೊಂದೇ ಗಂಟು ಬಿಚ್ಚತೊಡಗಿದಳು. ಗಿಡ ಬಾಗಿ ಹಣ್ಣು ನೆಲಕ್ಕೆ ಬಿತ್ತು. ಕತ್ತರಿ ತರಲೇ ಅಂದೆ.

"ಬೇಡ. ನೀನು ಮುಟ್ಬೇಡ."

ಬಾಗಿಲಲ್ಲೇ ನಿಂತಿದ್ದೆ. ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಬಂದು, ಮೈಮೇಲಿದ್ದ ಕಿತ್ತಳೆ ಸ್ವೆಟರ್ ಕಳಚಿ ನನ್ನ ಅಡುಗೆಮನೆ ಕುರ್ಚಿಯ ಮೇಲೆ ಬಿಟ್ಟು ಹೋದಳು.

ಮಾರ್ಚ್ 17, ಸೋಮವಾರ, ಬೆಳಿಗ್ಗೆ 7:10
ಆಸ್ಪತ್ರೆಯಿಂದ ಅವಳ ಮಗಳು ಜನೈನ್ ಫೋನ್ ಮಾಡಿದಳು.

"ಗ್ಲೆನಿಸ್ ಆಂಟಿ, ಅಮ್ಮ ಮಣಿಕಟ್ಟಿಗೆ ಯಾವ್ದೋ ಕೊಳಕು ದಾರ ಸುತ್ಕೊಂಡಿದಾಳೆ. ತುಂಡು ತುಂಡು ಸೇರಿಸಿ ಗಂಟು ಹಾಕಿರೋದು. ನರ್ಸ್ ತೆಗೀಬೇಕು ಅಂತಾರೆ, ಇವ್ಳು ಬಿಡ್ತಿಲ್ಲ. ಏನಂತ ಕೇಳಿದ್ರೆ ಗ್ಲೆನಿಸ್‌ನ ಕೇಳು ಅಂತಾಳೆ. ಏನದು?"

ಐದು ನಿಮಿಷದಲ್ಲಿ ಮತ್ತೆ ಮಾಡುತ್ತೇನೆ ಅಂದು ಇಟ್ಟುಬಿಟ್ಟೆ. ಹೇಡಿ. ಎಂಟಕ್ಕೆ ಒಳಗೆ ಕರೆದೊಯ್ಯುತ್ತಾರೆ. ಏನು ಹೇಳಬೇಕೆಂದು ಇಲ್ಲಿ ಬರೆದುಕೊಂಡು ಓದಿ ಹೇಳುತ್ತೇನೆ. ಜನೈನ್, ಅದು ನಿಮ್ಮಪ್ಪನ ಮರ. ಅದನ್ನು ನಾನು ಹಾಳು ಮಾಡಿದೆ. ಅವಳ ಕೈಯಿಂದ ಬಿಚ್ಚಲು ಬಿಡಬೇಡ.