ಹಗ್ಗ ಅನ್ನಬಾರದು

ಪ್ಯಾರಿಸ್, ಮಂಗಳವಾರ

ಪ್ರೀತಿಯ ಅಪ್ಪ,

ನಮ್ಮೂರು ಕಾಂಕಾರ್ನೊಗೆ ಸುಖವಾಗಿ ತಲುಪಿದೆಯಾ? ಮೊಣಕಾಲು ನೋವು ಹೇಗಿದೆ? ನೀನು ಮರೆತುಹೋದ ಟೋಪಿ ನನ್ನ ಹತ್ತಿರವೇ ಇದೆ.

ನಮ್ಮ ನಾಟಕದವರ ನಂಬಿಕೆಯೊಂದನ್ನು ನಿನಗೆ ಮೊದಲೇ ಹೇಳಬೇಕಿತ್ತು. ರಂಗಮಂದಿರದೊಳಗೆ ಯಾರೂ ಹಗ್ಗ ಅನ್ನಬಾರದು, ಅಂದರೆ ಕೇಡು. ಅಂದವರು ಎಲ್ಲರಿಗೂ ಕುಡಿಸಬೇಕು. ನೀನೋ ಮೊನ್ನೆ ನನ್ನನ್ನು ನೋಡಲು ಬಂದು ಒಳಗೆ ಕಾಲಿಟ್ಟವನೇ, "ನಿನ್ನ ಬಾಗಿಲ ಗಂಟೆಗೆ ನಾನೇ ಹೊಸೆದ ಹಗ್ಗ ತಂದಿದೀನಿ, ತಗೊಳ್ಳಮ್ಮ" ಅಂದೆ. ಪರದೆ ಎಳೆಯುವ ಗಾಸ್ತೋನ್, "ಅಯ್ಯೋ, ಅಂದೇಬಿಟ್ರಲ್ಲ ಯಜಮಾನ್ರೇ! ಈಗ ಎಲ್ರಿಗೂ ವೈನ್ ಕುಡಿಸಿ" ಎಂದ. ನೀನು ನಗುತ್ತಲೇ ಕುಡಿಸಿದೆ.

ಆಗ ಯಾರೋ, "ಯಾರಪ್ಪ ಇವರು?" ಎಂದು ಕೇಳಿದರು. "ನಮ್ಮೂರಿನವರು" ಅಂದುಬಿಟ್ಟೆ.

ನನ್ನ ಮೊದಲ ಹಾಡು ರೇಡಿಯೋದಲ್ಲಿ ಬಂದಾಗ, ಅಪ್ಪ ಹಗ್ಗ ಹೊಸೆಯುತ್ತಾನೆ ಎನ್ನಲು ನಾಚಿಕೆಯಾಗಿ, ಹಡಗಿನ ಕಪ್ತಾನ ಎಂದು ಪತ್ರಿಕೆಯವರಿಗೆ ಹೇಳಿದ್ದೆ. ಸಿನಿಮಾದವರೂ ಈ ನಾಟಕದವರೂ ಅದನ್ನೇ ನಂಬಿದ್ದಾರೆ. ನೀನು ಲೋಟ ಕೆಳಗಿಟ್ಟು, "ಹೌದೌದು, ಇವರೂರಿನವನೇ ನಾನು" ಅಂದೆ. ನನ್ನನ್ನು ನೀನು 'ಇವರು' ಅಂದದ್ದು ಇನ್ನೂ ಕಿವಿಯಲ್ಲಿದೆ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಟಿಕೆಟ್ ಇದರ ಜೊತೆಗಿಟ್ಟಿದ್ದೇನೆ, ಮುಂದಿನ ಸಾಲಿನದು. ಸೂಟು ಬೇಡ, ಕೆಲಸದ ಅಂಗಿಯಲ್ಲೇ ಬಾ. ಆಟ ಮುಗಿದ ಮೇಲೆ ನೇರ ಒಳಗೆ ಬಂದು ಮತ್ತೆ ಗಟ್ಟಿಯಾಗಿ ಹಗ್ಗ ಅನ್ನು. ಈ ಸಲ ಕುಡಿಸುವುದು ನನ್ನ ಪಾಲಿಗಿರಲಿ. ಎಲ್ಲರೂ ತಿರುಗಿ "ಯಾರಪ್ಪ?" ಎಂದು ಇನ್ನೊಮ್ಮೆ ಕೇಳಲಿ.

ನನ್ನಪ್ಪ ಎನ್ನುತ್ತೇನೆ.

ನಿನ್ನ
ಎನೋರಾ