ಓದದೆ ಒತ್ತಿದ ಮುದ್ರೆ

ನಿಗಾತಾ, ಜಪಾನ್

ಹಿರಾಸಾವಾ ಮೇಷ್ಟ್ರಿಗೆ, ಕೊನಾತ್ಸುವಿನ ತಾಯಿ ಮಾಡುವ ನಮಸ್ಕಾರಗಳು.

ಮಗಳ ಅಂತ್ಯಕ್ರಿಯೆಗೆ ತಾವು ಬಂದಿರಿ, ಉಪಕಾರವಾಯಿತು. ಶಾಲೆಯೊಳಗೆ ಹಾಕುತ್ತಿದ್ದ ಅವಳ ಬಿಳಿ ಶೂ ಅಲ್ಲೇ ಉಳಿದಿದೆ. ಅಂಚೆಯಲ್ಲಿ ಕಳಿಸಿಕೊಡಿ. ಬಂದು ಒಯ್ಯಲು ನನಗೆ ಕಾಲೇಳುತ್ತಿಲ್ಲ.

ಅವಳ ಚೀಲದಲ್ಲಿ ತಾವು ಮನೆಗೆ ಕಳಿಸಿದ್ದ 'ಮೊಬೈಲ್ ಸುರಕ್ಷತೆ' ಹಾಳೆ ಸಿಕ್ಕಿತು. ಅಂದು ಅವಳು, "ಅಮ್ಮಾ, ಓದಿ ಮುದ್ರೆ ಒತ್ತು" ಅಂದಿದ್ದಳು. "ಎಲ್ಲಾ ಗೊತ್ತು ಕಣೇ, ಕೊಡಿಲ್ಲಿ, ಹೊತ್ತಾಯ್ತು" ಎಂದು ಸಹಿಯ ಜಾಗದಲ್ಲಿ ಒತ್ತಿಬಿಟ್ಟೆ.

'ಸಂದೇಶಗಳಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ?' ಎಂಬ ಪ್ರಶ್ನೆಗೆ, 'ಹೌದು. ಕ್ಲಾಸಿನವರೆಲ್ಲ. ದಿನಾ' ಎಂದು ಬರೆದಿದ್ದಾಳೆ. ಅದರ ಕೆಳಗೆ ನಮ್ಮ ಮನೆಯ ಮುದ್ರೆ. ಪಕ್ಕದಲ್ಲೇ 'ನೋಡಿದ್ದೇನೆ' ಎಂಬ ತಮ್ಮ ಹೂವಿನ ಮುದ್ರೆ.

ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ನಾನು ಈಗ ಓದಿದೆ. ತಾವೂ ಓದಿ.

ಮುದ್ರೆಯಿಲ್ಲದೆ,
ಕುರಾಮೋಚಿ ಸನಾಎ