ಅಳು ಓದುವ ಯಂತ್ರ

ಗುರುವಾರ, ಬೆಳಗಿನ ಜಾವ

ಪ್ರೀತಿಯ ಅಕ್ಕನಿಗೆ,

ಎರಡು ಗಂಟೆ ಹತ್ತು ನಿಮಿಷಕ್ಕೆ ಟಿಣ್ ಅಂತ ಸದ್ದಾಯಿತು, ಎದ್ದು ಕೂತೆ. ಪುಟ್ಟಿಯಲ್ಲ. ಅವಳು ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕಿಬಿದ್ದವಳ ಹಾಗೆ ಮಲಗಿದ್ದಳು. ಸದ್ದು ಮಾಡಿದ್ದು ತೊಟ್ಟಿಲ ಪಕ್ಕದ ಯಂತ್ರ. ಇವರ ಗೊರಕೆಯನ್ನು ಗಮನವಿಟ್ಟು ಕೇಳಿಸಿಕೊಂಡು, ಕೊನೆಗೆ ಒದ್ದೆ ಬಟ್ಟೆಯ ಚಿತ್ರ ಮಿನುಗಿಸುತ್ತಿತ್ತು. ಬಾಯಿ ಮುಚ್ಚಿಕೊಂಡು ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡ. ಫೋನಿನಲ್ಲಾದರೆ ನೀನು ಹೇಗಿದ್ದೀಯೇ ಅನ್ನುತ್ತೀಯ, ನಾನು ಚೆನ್ನಾಗಿದ್ದೀನಿ ಅಕ್ಕ ಅಂದುಬಿಡುತ್ತೇನೆ. ನಾಲಿಗೆಗೆ ಅದೇ ರೂಢಿಯಾಗಿದೆ. ಇದನ್ನು ಬರೆದು ಫೋಟೋ ತೆಗೆದು ಕಳಿಸುತ್ತೇನೆ. ಬೇಕರಿಯಲ್ಲಿ ಮೊದಲ ಬ್ರೆಡ್ಡಿನ ತಟ್ಟೆಗಳನ್ನು ಒಲೆಗೆ ತಳ್ಳಿ, ನಾಲ್ಕಕ್ಕೆ ಟೀ ಕುಡಿಯಲು ಕೂತಾಗ ನೀನು ನೋಡುತ್ತೀಯ.

ಇವರ ರಿಪೇರಿ ಅಂಗಡಿಯಲ್ಲಿ ಗಿರಾಕಿಗಳು ಬಿಟ್ಟುಹೋದದ್ದೆಲ್ಲ ನಮ್ಮ ಮನೆಗೇ ಬಂದು ಸೇರುತ್ತದೆ ಅಂತ ನಿನಗೆ ಗೊತ್ತಲ್ಲ. ಹಿಡಿಯಲ್ಲಿ ಟಾರ್ಚ್ ಇರುವ ಛತ್ರಿ ಬಂತು. ಹಾಲು ಬಿಸಿಮಾಡುವಾಗ ಯಾವುದೋ ಭಾಷೆಯಲ್ಲಿ ಗದರಿಸುವ ಪಾತ್ರೆ ಬಂತು. ಬಡಿದುಕೊಳ್ಳುತ್ತಲೇ ಚಕ್ರದ ಮೇಲೆ ಓಡಿಹೋಗುವ ಅಲಾರಂ ಗಡಿಯಾರ ಬಂತು. ಅದು ಹೋದ ತಿಂಗಳು ಬೀರುವಿನ ಅಡಿ ಹೊಕ್ಕಿದ್ದು, ಈಗಲೂ ಅಲ್ಲೇ ಸಂಸಾರ ಮಾಡಿಕೊಂಡಿದೆ. ಆದರೆ ಅಳು ಓದುವ ಯಂತ್ರ ಬಂದ ದಿನ ನಾನು ನಿಜವಾಗಿಯೂ ಕುಣಿದಾಡಿದೆ. ಮಗು ಅತ್ತರೆ ಸಾಕು, ಹಸಿವೋ ನಿದ್ದೆಯೋ ಹೊಟ್ಟೆನೋವೋ ಒದ್ದೆಯೋ ಬೇಸರವೋ, ಐದರಲ್ಲಿ ಒಂದನ್ನು ಅದೇ ಹೇಳುತ್ತದೆ. ನಾಲ್ಕು ತಿಂಗಳಿಂದ ಊಹಿಸಿ ಊಹಿಸಿ ಸಾಕಾಗಿದ್ದವಳಿಗೆ ಇನ್ನೇನು ಬೇಕು? ಇವರು ಮಾತ್ರ, ಅದನ್ನ ಯಾಕೆ ಬಿಟ್ಟುಹೋದ್ರು ಅಂತ ಸ್ವಲ್ಪ ಯೋಚ್ನೆ ಮಾಡೇ ಅಂದರು. ನಾನು ಮಾಡಲಿಲ್ಲ.

ನಾವು ಚಿಕ್ಕವರಿದ್ದಾಗ ರದ್ದಿ ಅಂಗಡಿಯಿಂದ ತಂದ ದಪ್ಪ ಕಾದಂಬರಿಗಳನ್ನು ಬೆನ್ನು ಸೀಳಿ ಎರಡು ಮಾಡುತ್ತಿದ್ದೆವಲ್ಲ. ದೊಡ್ಡವಳು ಅಂತ ಮೊದಲರ್ಧ ಯಾವಾಗಲೂ ನಿನ್ನದು. ನನ್ನ ಪಾಲಿಗೆ ಬರುವ ಹೊತ್ತಿಗೆ ಮದುವೆ ಮುಗಿದಿರುತ್ತಿತ್ತು, ಮನೆ ಮಾರಿಹೋಗಿರುತ್ತಿತ್ತು, ಯಾರೋ ಸತ್ತು ಎಲ್ಲರೂ ಅಳುತ್ತಿರುತ್ತಿದ್ದರು. ಸತ್ತವರು ಯಾರು ಅಂತಲೇ ನನಗೆ ಗೊತ್ತಿರುತ್ತಿರಲಿಲ್ಲ. ಆದರೂ ಅಳುತ್ತಿದ್ದೆ. ತಾಯಿಯಾದ ಮೇಲೂ ಹಾಗೇ ಅನ್ನಿಸುತ್ತದೆ. ಬೇರೆ ಹೆಂಗಸರೆಲ್ಲ ಮೊದಲರ್ಧ ಓದಿಕೊಂಡೇ ಬಂದಿದ್ದಾರೆ. ಮಗುವನ್ನು ಎತ್ತಿಕೊಂಡ ಕೂಡಲೇ ಅವರಿಗೆ ಅದರ ಕಥೆ ತಿಳಿಯುತ್ತದೆ.

ಹೆರಿಗೆಗೆ ಅಂತ ನೀನು ಕೊಟ್ಟ ಕಾದಂಬರಿಯನ್ನು ಮಂಗಳವಾರ ಮಧ್ಯಾಹ್ನ ಕೊನೆಗೂ ಹಿಡಿದೆ. ಅದೇ, ಹಡಗಿನ ಅಡುಗೆಯವಳದ್ದು. ಸೀಳದೆ ಇಡೀ ಇರುವ ಪುಸ್ತಕವನ್ನು ಮೊದಲ ಪುಟದಿಂದ ಓದುವ ಸುಖವೇ ಬೇರೆ. ಅವಳು ಹಿಟ್ಟಿನ ಡಬ್ಬದಲ್ಲಿ ಕ್ಯಾಪ್ಟನ್ನಿನ ಕೀಲಿಕೈ ಬಚ್ಚಿಡುವ ಹೊತ್ತಿಗೆ ಪುಟ್ಟಿ ಅಳಲು ಶುರುಮಾಡಿದಳು. ಹಾಲು ಕುಡಿದಿದ್ದಳು, ಬಟ್ಟೆ ಒಣಗಿತ್ತು. ಯಂತ್ರ ನೋಡಿದೆ. ಬೇಸರ ಅಂತ ತೋರಿಸಿತು. ಬೇಸರ ತಾನೇ, ಒಂದು ಪುಟ ಮುಗಿಸಿ ಎತ್ತಿಕೊಳ್ಳೋಣ ಅಂದುಕೊಂಡೆ. ಕಾಲಲ್ಲಿ ತೊಟ್ಟಿಲು ತೂಗುತ್ತಾ ಓದಿದೆ. ಅಳು ಏರಿತು, ಯಂತ್ರ ಬೇಸರ ಅಂತಲೇ ಹೇಳಿತು.

ಇಪ್ಪತ್ತೆರಡು ಪುಟ, ಅಕ್ಕ.

ಎತ್ತಿಕೊಂಡಾಗ ಅವಳ ಅಳುವಿಗೆ ದನಿಯೇ ಉಳಿದಿರಲಿಲ್ಲ. ಸಾಕ್ಸ್ ಕಳಚಿದೆ. ಎಡಗಾಲಿನ ಎರಡನೆಯ ಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅದರ ಬುಡಕ್ಕೆ ನನ್ನದೇ ಕೂದಲೊಂದು ಸುತ್ತಿಕೊಂಡು ಚರ್ಮದೊಳಕ್ಕೆ ಇಳಿದಿತ್ತು. ಹೆರಿಗೆಯಾದಾಗಿನಿಂದ ಹಿಡಿ ಹಿಡಿಯಾಗಿ ಉದುರುತ್ತಿದೆ ಅಂತ ನಿನ್ನ ಹತ್ತಿರ ಗೊಣಗಿದ್ದೆನಲ್ಲ, ಅದೇ ಕೂದಲು. ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿ ಕೊನೆಯ ಕ್ಲಿನಿಕ್ಕಿಗೆ ಓಡಿದೆ. ನರ್ಸಮ್ಮ ಭೂತಗನ್ನಡಿ ಹಿಡಿದು, ಪುಟ್ಟ ಕತ್ತರಿಯಿಂದ ಕತ್ತರಿಸಿ ತೆಗೆದರು. ಎಷ್ಟೋ ಮಕ್ಕಳಿಗೆ ಆಗುತ್ತೆ ಕಣಮ್ಮ, ಬೆರಳು ಸರಿಹೋಗುತ್ತೆ, ನೀನು ಮೊದ್ಲು ಕೂತ್ಕೋ ಅಂದರು. ಬೆರಳು ಸರಿಹೋಯಿತು. ಈಗ ತೆಳ್ಳಗೆ ಒಂದು ಗೆರೆ ಮಾತ್ರ ಇದೆ.

ಮನೆಯಲ್ಲಿ ಸಾಕ್ಸಿನ ದಾರ ಸುತ್ತಿಕೊಂಡಿತ್ತು ಅಂದೆ. ನಿನ್ನೆ ಕಳಿಸಿದ ಫೋಟೋ ನೋಡಿ, ತಲೆಗೆ ಯಾಕೆ ಟವೆಲ್ ಸುತ್ತಿದ್ದೀಯ, ಶೀತ ಆದೀತು ಅಂದೆಯಲ್ಲ? ಸ್ನಾನ ಮಾಡಿದ್ದಕ್ಕಲ್ಲ. ಅಡುಗೆಮನೆಯ ಕತ್ತರಿಯಿಂದ ನಾನೇ ಕೂದಲು ಕತ್ತರಿಸಿಕೊಂಡೆ. ಇವರು, ಇದೇನೇ ಇಲಿ ಮೇದ ಹಾಗಿದೆ, ಹೊಸ ಫ್ಯಾಷನ್ನಾ ಅಂತ ಛೇಡಿಸಿದರು. ಹೌದು ಅಂದೆ.

ಈಗ ನಿಜವಾದ ಸುದ್ದಿ. ಅತ್ತೆ ನಿನ್ನೆ ಬಂದಿದ್ದಾರೆ. ಪುಟ್ಟಿಯನ್ನು ಮೂರು ತಿಂಗಳ ಮಟ್ಟಿಗೆ ತಮ್ಮ ಮನೆಗೆ ಕರೆದುಕೊಂಡು ಹೋಗುತ್ತಾರೆ. ಇವತ್ತು ಬೆಳಿಗ್ಗೆ ಆರೂವರೆಯ ಬಸ್ಸು. ಬಾಟಲಿ, ಹಾಲಿನ ಪುಡಿ, ಬಟ್ಟೆ ಎಲ್ಲ ತುಂಬಿದ ಚೀಲ ಬಾಗಿಲ ಹತ್ತಿರವೇ ಇದೆ. ನಿನ್ನ ಕಣ್ಣು ನೋಡಮ್ಮ, ಎರಡು ಗುಳಿ ಆಗಿವೆ, ಸ್ವಲ್ಪ ನಿದ್ದೆ ಮಾಡು ಅನ್ನುತ್ತಾರೆ. ಒಳ್ಳೆಯವರು, ಅವರ ಮೇಲೆ ನನಗೆ ಏನೂ ದೂರಿಲ್ಲ. ಅವರ ಕೈಯಲ್ಲಿ ಪುಟ್ಟಿ ಐದು ನಿಮಿಷಕ್ಕೆ ಸುಮ್ಮನಾಗುತ್ತಾಳೆ.

ನನಗಿರುವ ಹೆದರಿಕೆ ಒಂದೇ. ಅವಳು ಹೋದ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂದುಬಿಟ್ಟರೆ? ಮರುದಿನವೂ ಬಂದರೆ? ಮೂರು ತಿಂಗಳು ಕಳೆದ ಮೇಲೆ, ಇನ್ನು ಮೂರು ತಿಂಗಳು ಇರಲಿ ಅತ್ತೆ ಅಂತ ನನ್ನ ಬಾಯಲ್ಲೇ ಬಂದರೆ? ಆಗ ಅವಳು ಅತ್ತರೆ ಯಾಕೆ ಅಂತ ನನಗೆ ಎಂದಿಗೂ ತಿಳಿಯುವುದಿಲ್ಲ. ಈಗೀಗ ಸ್ವಲ್ಪ ತಿಳಿಯುತ್ತಿದೆ, ಅಕ್ಕ. ಹಸಿವಾದರೆ ಅಳುವಿಗೆ ಮೊದಲು ಒಂದು ಸಲ ಮೂಗೆಳೆಯುತ್ತಾಳೆ. ಅದು ಯಂತ್ರಕ್ಕೆ ಗೊತ್ತಿಲ್ಲ. ಅತ್ತೆಗೂ ಗೊತ್ತಿಲ್ಲ.

ಇನ್ನು ಬರೆಯಲಾರೆ. ಬರೆಯುವ ನಡುವೆ ತೊಟ್ಟಿಲಿನಿಂದ ಎತ್ತಿಕೊಂಡ ಪುಟ್ಟಿ ನನ್ನ ಎಡಗೈ ಮೇಲೆ ಮಲಗಿದ್ದಾಳೆ, ಕೈ ಜೋಮು ಹಿಡಿದಿದೆ. ಅಕ್ಷರ ಸೊಟ್ಟಗಾಗಿದ್ದಕ್ಕೆ ಬಯ್ಯಬೇಡ.

ನಿನ್ನ
ಗುಬ್ಬಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಗುವನ್ನು ಕೊಡು ಅಂತ ಅತ್ತೆ ಕೇಳಲೇ ಇಲ್ಲ. ಮಂಗಳವಾರ ಸಂಜೆ ನಾನೇ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗಿ, ನನ್ನ ಕೈಲಿ ಆಗಲ್ಲ ಅಂದೆ. ಅವರು ಮೂರು ಸಲ, ಬೇಡ ಕಣಮ್ಮ, ನಾನೇ ಬಂದು ನಿನ್ನ ಜೊತೆ ಇರ್ತೀನಿ ಅಂದರು. ಬೇಡವೇ ಬೇಡ ಅಂತ ಹಟ ಹಿಡಿದವಳು ನಾನು. ಅವರು ಇಲ್ಲಿದ್ದರೆ ಕೂದಲಿನ ವಿಷಯ ಹೊರಬೀಳುತ್ತಿತ್ತು. ಈಗ ಬೇಡ ಅನ್ನಲು ಹೋದರೆ ಎಲ್ಲವನ್ನೂ ಹೇಳಬೇಕು, ನನ್ನ ಬಾಯಿ ಮತ್ತೆ ಚೆನ್ನಾಗಿದ್ದೀನಿ ಅನ್ನುತ್ತದೆ. ಅತ್ತೆ ಐದಕ್ಕೆ ಏಳುತ್ತಾರೆ. ಮನೆಯ ನಂಬರಿಗೇ ಮಾಡು, ಅವರೇ ಎತ್ತುತ್ತಾರೆ. ಇಪ್ಪತ್ತೆರಡು ಪುಟದ ಸಮೇತ ಎಲ್ಲವನ್ನೂ ಹೇಳಿಬಿಡು, ಆಮೇಲೂ ಇಲ್ಲೇ ಇರ್ತೀರಾ ಅಂತ ಕೇಳು. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಬೆಳಗಾಗುವುದರೊಳಗೆ ಮಾಡು ಅಕ್ಕ, ಒಲೆಯಲ್ಲಿ ಬ್ರೆಡ್ ಸೀದುಹೋದರೂ ಸರಿ.